ಹತ್ತು ಎಕರೆ ಗೋಮಾಳದ ದುರಸ್ತಿ: ಕಂದಕದಿಂದ ಕಾರ್ಬನ್ ಲೆಕ್ಕದವರೆಗೆ

ಕರ್ನಾಟಕ ಭೂಕಂದಾಯ ನಿಯಮಗಳು, 1966ರ 97ನೇ ನಿಯಮದಂತೆ ಪ್ರತಿ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಮೀಸಲಿರಬೇಕು. ಕಾಗದದ ಮೇಲೆ ಇದು ಧಾರಾಳವಾಗಿಯೇ ಕಾಣುತ್ತದೆ. ಹುಲ್ಲಿನ ತೂಕಕ್ಕೆ ಇಳಿಸಿದರೆ ಬಣ್ಣ ಬಯಲಾಗುತ್ತದೆ. ಒಣ ಸೀಮೆಯ ಕೆಂಪು ನೆಲದಲ್ಲಿ ಚೆನ್ನಾಗಿ ನೋಡಿಕೊಂಡ ಹುಲ್ಲುಗಾವಲು ಹೆಕ್ಟೇರಿಗೆ 2 ಟನ್ ಒಣಮೇವು ಕೊಟ್ಟಿತು ಎನ್ನೋಣ. 12 ಹೆಕ್ಟೇರಿಗೆ 24 ಟನ್. ಬೇರು ಉಳಿಯಲು ಅರ್ಧ ಬಿಟ್ಟರೆ 12 ಟನ್, ಒಂದು ದನದ ಪಾಲಿಗೆ 120 ಕೆಜಿ. ನಾಟಿ ದನವೊಂದು ದಿನಕ್ಕೆ 7 ಕೆಜಿ ಒಣಮೇವು ತಿನ್ನುತ್ತದೆ. ಹದಿನೇಳು ದಿನಕ್ಕೆ ಮುಗಿಯಿತು. ನೆಲ ಹಾಳಾಗಿ ಹೆಕ್ಟೇರಿಗೆ ಅರ್ಧ ಟನ್ನಿಗೆ ಇಳಿದಿದ್ದರೆ ನಾಲ್ಕೇ ದಿನ. ಆದರೂ ಆ ನೆಲದ ಮೇಲೆ ವರ್ಷವಿಡೀ ದನ ನಿಂತಿರುತ್ತವೆ. ದುರಸ್ತಿ ಶುರುವಾಗಬೇಕಾದದ್ದು ಈ ಲೆಕ್ಕದಿಂದ. ಬೀಜ, ಬೇಲಿ, ಕಂದಕ ಎಲ್ಲ ಆಮೇಲೆ.

ಇಲ್ಲಿ ಬರೆದಿರುವುದು ಚಿತ್ರದುರ್ಗ-ಶಿರಾ ಕಡೆಯ ಒಣ ಪಟ್ಟಿಗೆ ಹೊಂದುವ ಹತ್ತು ಎಕರೆ ತುಂಡಿನ ಕೆಲಸದ ದಾಖಲೆ. ನೆಲ ಕೆಮ್ಮಣ್ಣು, ಒಂದೂವರೆ ಅಡಿ ಕೆಳಗೆ ಮುರ, ಅಂದರೆ ಗರಸುಮಣ್ಣು. ಇಳಿಜಾರು ನೂರಕ್ಕೆ ಎರಡು. ಅರ್ಧ ಭಾಗ ಬೋಳು, ಉಳಿದರ್ಧದಲ್ಲಿ ಗರಿಕೆ, ತಂಗಡಿ, ಬಂದರೆ ಗಿಡ, ಅಲ್ಲಲ್ಲಿ ಬಳ್ಳಾರಿ ಜಾಲಿಯ ಪೊದೆ. ತುಂಡು ಹೆಚ್ಚುಕಡಿಮೆ 200 ಮೀ. ಉದ್ದ, 200 ಮೀ. ಅಗಲದ ಚೌಕ. ಕೆಳಗಿನ ಅಳತೆಗಳೆಲ್ಲ ಆ ಚೌಕಕ್ಕೆ ಲೆಕ್ಕ ಹಾಕಿದವು.

ಮಾರ್ಗಶಿರ-ಪುಷ್ಯ: ಕಾಗದ ಮತ್ತು ತೂಕ

ಪಹಣಿಯಲ್ಲಿ ಗೋಮಾಳವೆಂದು ಇದ್ದರೆ ಸಾಲದು. ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ ಕಲ್ಲು ನೆಡಿಸದೆ ಗುದ್ದಲಿ ಎತ್ತಬೇಡಿ. ಕಂದಕ ತೋಡಿದ ಮೇಲೆ ಒತ್ತುವರಿಯ ತಕರಾರು ಎದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಯ ನಡಾವಳಿಯಲ್ಲಿ ಮೂರು ಸಂಗತಿ ಬರಹದಲ್ಲಿರಲಿ: ಮೊದಲ ಮಳೆಗಾಲ ಪೂರ್ತಿ ಮುಚ್ಚುಗಡೆ, ಕೊಯ್ದ ಹುಲ್ಲಿನಲ್ಲಿ ಯಾರಿಗೆಷ್ಟು, ಹೊರಗಿನ ಕುರಿ ಮಂದೆ ಹಾದುಹೋಗುವ ದಾರಿ ಯಾವುದು. ಮೂರನೆಯದನ್ನು ಮರೆತರೆ ಬೇಲಿ ಉಳಿಯುವುದಿಲ್ಲ. ತಲೆಮಾರುಗಳಿಂದ ಅದೇ ದಾರಿಯಲ್ಲಿ ಬರುವ ಕುರಿಗಾಹಿಗೆ ನೀವು ಅಡ್ಡ ಕಟ್ಟಿದರೆ ಅವನು ಕತ್ತರಿಸದೆ ಬೇರೆ ಏನು ಮಾಡಬೇಕು?

ಇದೇ ಹಂತದಲ್ಲಿ ಯಾರಾದರೊಬ್ಬರು "ಖಾಲಿ ಜಾಗ, ಗಿಡ ನೆಡೋಣ" ಎನ್ನುತ್ತಾರೆ. ಗೋಮಾಳ ಖಾಲಿ ಜಾಗವಲ್ಲ. ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಬೆಳೆಸಿದ್ದರ ವಿರುದ್ಧ 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆದದ್ದು ಈ ತಿಳಿವಳಿಕೆಯ ಕೊರತೆಯಿಂದಲೇ. ಎಕರೆಗೆ ಎಂಟು-ಹತ್ತು ಬಿಳಿಜಾಲಿ, ಕಮರ, ಬೇವು ನೆರಳಿಗೆ ಸಾಕು. ಅದಕ್ಕಿಂತ ದಟ್ಟವಾದರೆ ಕೆಳಗಿನ ಹುಲ್ಲು ಸೊರಗುತ್ತದೆ.

ಕೆಲಸಕ್ಕೆ ಮುಂಚಿನ ಸ್ಥಿತಿ ತೂಗಿ ಬರೆದಿಡಬೇಕು. ಇಲ್ಲದಿದ್ದರೆ ಮೂರನೇ ವರ್ಷ "ಸುಧಾರಿಸಿದೆ" ಅನ್ನುವುದು ಬರೀ ಬಾಯಿಮಾತು. ಅರ್ಧ ಇಂಚಿನ ಪಿವಿಸಿ ಪೈಪಿನಲ್ಲಿ ಒಳ ಅಳತೆ ಸರಿಯಾಗಿ ಒಂದು ಮೀಟರ್ ಬರುವಂತೆ ಚೌಕ ಕಟ್ಟಿ. ಒಂದು ಕಡೆ ತೆರೆದಿರಲಿ, ಪೊದೆಯ ನಡುವೆ ತೂರಿಸಲು ಸುಲಭ. ತುಂಡಿನ ಉದ್ದಗಲಕ್ಕೆ ಓರೆಯಾಗಿ ನಡೆಯುತ್ತ ಪ್ರತಿ ಹದಿನೈದು ಹೆಜ್ಜೆಗೆ ಒಂದರಂತೆ ಇಪ್ಪತ್ತು ಕಡೆ ಚೌಕ ಇಟ್ಟು, ಒಳಗಿನ ಹುಲ್ಲನ್ನು ನೆಲಮಟ್ಟಕ್ಕೆ ಕುಡುಗೋಲಿನಲ್ಲಿ ಕೊಯ್ದು ತೂಗಿ. ಬೋಳು ಜಾಗಕ್ಕೆ ಚೌಕ ಬಿದ್ದರೆ ಸೊನ್ನೆ ಎಂದು ಬರೆಯಿರಿ. ಅದನ್ನು ಸರಿಸಿ ಹುಲ್ಲಿರುವ ಕಡೆ ಇಟ್ಟರೆ ಇಡೀ ಲೆಕ್ಕ ಸುಳ್ಳಾಗುತ್ತದೆ. ಎಲ್ಲರ ಕೈಯೂ ತುಡಿಯುವುದು ಅಲ್ಲಿಯೇ. ಅರ್ಧ ಕೆಜಿ ಹಸಿಹುಲ್ಲನ್ನು ತೂಕ ನಿಲ್ಲುವವರೆಗೆ ಒಣಗಿಸಿ ಒಣತೂಕದ ಪಾಲು ತಿಳಿಯಿರಿ. ಸರಾಸರಿ 300 ಗ್ರಾಂ ಹಸಿ, ಅದರಲ್ಲಿ ನೂರಕ್ಕೆ 30 ಒಣ ಎಂದಾದರೆ ಚದರ ಮೀಟರಿಗೆ 90 ಗ್ರಾಂ. ಅದು ಹೆಕ್ಟೇರಿಗೆ 900 ಕೆಜಿ, ಎಕರೆಗೆ ಸುಮಾರು 365 ಕೆಜಿ.

ಮಾಘ: ಬಳ್ಳಾರಿ ಜಾಲಿ

ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡದ ಜಾಗದಲ್ಲಿ ಹತ್ತು ಚಿಗುರು. ಮೊಗ್ಗುಗಳು ಬುಡದ ಗಂಟಿನಲ್ಲಿ, ಮಣ್ಣಿನೊಳಗೆ ಇರುತ್ತವೆ. ಆದ್ದರಿಂದ ಸುತ್ತ ಅಗೆದು ಮಣ್ಣಿನಿಂದ 30 ಸೆಂ.ಮೀ. ಕೆಳಗೆ ಬೇರು ಕತ್ತರಿಸಿ ಗಂಟನ್ನೇ ಎತ್ತಬೇಕು. ಹಿಂಗಾರಿನ ಕೊನೆಯ ಮಳೆಯ ತೇವ ಇನ್ನೂ ಇದ್ದಾಗ ಮಾಡಿದರೆ ಅರ್ಧ ಶ್ರಮ. ದೊಡ್ಡ ಬುಡಗಳಿಗೆ ಜೆಸಿಬಿ ಸರಿ, ಆದರೆ ಬಕೆಟ್ಟಿನಿಂದ ನೆಲ ಸವರಿ 'ಸ್ವಚ್ಛ' ಮಾಡಲು ಬಿಡಬೇಡಿ. ಮೇಲಿನ ನಾಲ್ಕು ಬೆರಳು ಮಣ್ಣು ಹೋದರೆ ಹುಲ್ಲಿನ ಬೀಜ, ಬೇರು, ಇದ್ದಬದ್ದ ಇಂಗಾಲ ಎಲ್ಲ ಅದರೊಂದಿಗೆ ಹೋಯಿತು. ಗುಂಡಿ ಮುಚ್ಚಿ ತುಳಿದುಬಿಡಿ.

ಕಡಿದ ಮುಳ್ಳನ್ನು ಸುಡಬೇಡಿ, ಹೊರಬೇಲಿಗೆ ಬೇಕು. ಕಾಯಿ ಹಿಡಿದಿರುವ ಕೊಂಬೆಯನ್ನು ಮಾತ್ರ ಬೇರೆ ಮಾಡಿ. ದನ-ಕುರಿ ಆ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ, ಗಟ್ಟಿ ಬೀಜ ಸಗಣಿಯಲ್ಲಿ ಹಾಗೇ ಬಂದು ಮೊಳೆಯುತ್ತದೆ. ಬೇಸಿಗೆಯಲ್ಲಿ ಜಾಲಿಕಾಯಿ ತಿಂದ ಮಂದೆಯನ್ನು ಗೋಮಾಳಕ್ಕೆ ಬಿಡುವ ಮುಂಚೆ ಒಂದು ವಾರ ರೊಪ್ಪದಲ್ಲಿ ಕಟ್ಟಿಹಾಕುವುದು ಇದಕ್ಕಾಗಿಯೇ. ಮುಂದಿನ ಮೂರು ಮಳೆಗಾಲ ಹಸಿ ನೆಲದಲ್ಲಿ ಸಸಿ ಕೀಳುವ ಕೆಲಸ ಇದ್ದೇ ಇರುತ್ತದೆ. ಪಾರ್ಥೇನಿಯಂ, ಊರಿನ ಮಾತಿನಲ್ಲಿ ಕಾಂಗ್ರೆಸ್ ಗಿಡ, ಹೂ ಬಿಡುವ ಮುಂಚೆ ಬೇರುಸಮೇತ ಬರಬೇಕು. ಕೈಗವಸಿಲ್ಲದೆ ಮುಟ್ಟಿದರೆ ಕೆಲವರಿಗೆ ಚರ್ಮ ಕೆರೆತ ತಿಂಗಳುಗಟ್ಟಲೆ ಬಿಡುವುದಿಲ್ಲ. ಹುಲ್ಲು ದಟ್ಟವಾದ ಮೇಲೆ ಅದು ತಾನಾಗಿಯೇ ಹಿಮ್ಮೆಟ್ಟುತ್ತದೆ.

ಫಾಲ್ಗುಣ-ಚೈತ್ರ: ಹೊರಗಂದಕ

ಸುತ್ತಳತೆ 800 ಮೀ. ಅಷ್ಟಕ್ಕೂ ಕಲ್ಲುಕಂಬ, ಮುಳ್ಳುತಂತಿ ಹಾಕುವುದು ದುಬಾರಿ, ತಂತಿ ರಾತ್ರೋರಾತ್ರಿ ಮಾಯವಾಗುವುದೂ ಉಂಟು. ಕಂದಕ ಮತ್ತು ದಿಬ್ಬವೇ ಮೇಲು. ಮೇಲಗಲ 1.2 ಮೀ., ತಳ 0.6 ಮೀ., ಆಳ 1 ಮೀ. ಮೀಟರಿಗೆ 0.9 ಘನ ಮೀ., ಒಟ್ಟು 720 ಘನ ಮೀ. ಮಣ್ಣು. ಮಣ್ಣನ್ನು ಒಳಬದಿಗೆ ಹಾಕಿ, ಕಂದಕದ ಅಂಚಿನಿಂದ ಒಂದು ಅಡಿ ಬಿಟ್ಟು ದಿಬ್ಬ ಕಟ್ಟಿ. ಅಂಚಿಗೇ ಸುರಿದರೆ ಮೊದಲ ಮಳೆಗೆ ಅಷ್ಟೂ ಕಂದಕಕ್ಕೆ ಜಾರುತ್ತದೆ. ದಿಬ್ಬದ ಮೇಲೆ ಕತ್ತಾಳೆ ಮರಿ, ಒಂದು ಮೀಟರ್ ಅಂತರದಲ್ಲಿ ಎರಡು ಸಾಲು, ಎದುರುಬದುರಾಗದಂತೆ. 1,600 ಮರಿ ಬೇಕು. ಕತ್ತಾಳೆ ಬೇಲಿಯಾಗಲು ಮೂರು-ನಾಲ್ಕು ವರ್ಷ ಹಿಡಿಯುತ್ತದೆ. ಅಲ್ಲಿವರೆಗೆ ಜಾಲಿಮುಳ್ಳು ಕಾಯುತ್ತದೆ.

ಇಳಿಜಾರಿನ ಉದ್ದಕ್ಕೆ ಹೋಗುವ ಎರಡು ಬದಿಗಳಲ್ಲಿ ಕಂದಕ ಕಾಲುವೆಯಾಗಿಬಿಡುವ ಅಪಾಯವಿದೆ. ಪ್ರತಿ 30 ಮೀಟರಿಗೆ ಒಂದು ಮೀಟರ್ ನೆಲವನ್ನು ತೋಡದೆ ಅಡ್ಡಗಟ್ಟೆಯಾಗಿ ಬಿಡಿ, ಅದರ ಮೇಲೆ ಮುಳ್ಳು ಒಡ್ಡಿ. ಇದನ್ನು ಬಿಟ್ಟ ಕಡೆ ಎರಡು ಮಳೆಗಾಲದಲ್ಲಿ ಕಂದಕ ಕೊರಕಲಾಗಿ ದಿಬ್ಬವನ್ನೇ ನುಂಗುತ್ತದೆ. ನಾಲ್ಕು ಮೂಲೆಯಲ್ಲಿ ಒಂದೊಂದು ಇಳಿಜಾರು ಮೆಟ್ಟಿಲು ಕಡಿಯಿರಿ. ಕರು, ಕೃಷ್ಣಮೃಗ, ನರಿ ಯಾವುದು ಬಿದ್ದರೂ ಹತ್ತಿ ಬರಬೇಕು.

ಚೈತ್ರ-ವೈಶಾಖ: ಸಮಪಾತಳಿ ಕಂದಕ

ಇವು ಮಳೆನೀರು ತಡೆಯಲು ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ತೋಡುವ ಗುಂಡಿಗಳು. ಇಲ್ಲಿ ಬೇಕಾದ ಉಪಕರಣ ಒಂದೇ, ಎ ಆಕಾರದ ಚೌಕಟ್ಟು. ಎರಡು ಮೀಟರ್ ಉದ್ದದ ಎರಡು ಬಿದಿರು, ಮೇಲೆ ಬಿಗಿಯಾಗಿ ಕಟ್ಟಿ ಕೆಳಗೆ ಎರಡು ಮೀಟರ್ ಅಗಲಿಸಿ, ನಡುವೆ ಅಡ್ಡಪಟ್ಟಿ. ತುದಿಯಿಂದ ದಾರದಲ್ಲಿ ಕಲ್ಲು ಇಳಿಬಿಡಿ. ಅಡ್ಡಪಟ್ಟಿಯ ಮೇಲೆ ಮಧ್ಯದ ಗುರುತನ್ನು ಕಣ್ಣಂದಾಜಿನಲ್ಲಿ ಹಾಕಬಾರದು. ಎರಡು ಗೂಟದ ಮೇಲೆ ಕಾಲು ಇಟ್ಟು ದಾರ ಮುಟ್ಟಿದ ಕಡೆ ಗೀರು ಎಳೆದು, ಕಾಲು ಅದಲುಬದಲು ಮಾಡಿ ಇನ್ನೊಂದು ಗೀರು ಎಳೆಯಿರಿ; ಎರಡರ ನಡುವೆ ಇರುವುದೇ ಮಟ್ಟದ ಗುರುತು. ಗಾಳಿ ಬೀಸುವ ಹೊತ್ತಿನಲ್ಲಿ ದಾರ ಓಲಾಡಿ ಮೋಸ ಮಾಡುತ್ತದೆ, ಬೆಳಗ್ಗೆಯೇ ಗುರುತು ಮುಗಿಸಿ.

ಮೇಲಿನ ಅಂಚಿನಿಂದ ಶುರುಮಾಡಿ 20 ಮೀಟರಿಗೊಂದು ಸಾಲು, ಒಟ್ಟು ಹತ್ತು ಸಾಲು. ಪ್ರತಿ ಸಾಲಿನಲ್ಲಿ 3 ಮೀ. ಉದ್ದ, 0.6 ಮೀ. ಅಗಲ, 0.45 ಮೀ. ಆಳದ ಗುಂಡಿ, ಆಮೇಲೆ 3 ಮೀ. ಬಿಡುವು. ಕೆಳಸಾಲಿನ ಗುಂಡಿ ಮೇಲಿನ ಸಾಲಿನ ಬಿಡುವಿಗೆ ಎದುರಾಗಬೇಕು. ಸಾಲಿಗೆ 33, ಒಟ್ಟು 330 ಗುಂಡಿ, ಒಂದೊಂದಕ್ಕೆ 0.81 ಘನ ಮೀ., ಎಲ್ಲ ಸೇರಿ 267 ಘನ ಮೀ. ಒಂದು ಇಂಚು ಮಳೆ ಈ ನಾಲ್ಕು ಹೆಕ್ಟೇರಿನ ಮೇಲೆ ಬಿದ್ದರೆ ಸುಮಾರು ಸಾವಿರ ಘನ ಮೀ. ನೀರು. ಅದರ ಕಾಲುಭಾಗ ಗುಂಡಿಯಲ್ಲಿ ನಿಲ್ಲುತ್ತದೆ, ಮಿಕ್ಕಿದ್ದನ್ನು ನೆಲ ಕುಡಿಯಬೇಕು ಅಥವಾ ಹರಿಯಬೇಕು. ಇನ್ನೂ ಹೆಚ್ಚು ತೋಡಿದರೆ ಹುಲ್ಲಿಗೇ ಜಾಗವಿರದು. ಟಿಸಿಬಿ (ಕಂದಕ-ಬದು) ಎಂದು ಇಡೀ ಸಾಲು ಉದ್ದಕ್ಕೂ ತೋಡುವ ಪದ್ಧತಿ ಹೊಲದ ಬದುವಿಗೆ ಸರಿ, ಗೋಮಾಳಕ್ಕೆ ಬೇಡ. ದನ ದಾಟಲಾಗದೆ ಒಂದೇ ಕಡೆ ತುಳಿದು ದಾರಿ ಮಾಡಿ, ಆ ದಾರಿಯೇ ಹಳ್ಳವಾಗುತ್ತದೆ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಗುಂಡಿ ಮಟ್ಟಕ್ಕೆ ಇರದಿದ್ದರೆ ನೀರು ಒಂದು ತುದಿಗೆ ಸೇರಿ ಒಡೆಯುತ್ತದೆ. ಇನ್ನೊಂದು, ಆಳಕ್ಕೆ ಹೋಗಿ ಮುರ ಅಥವಾ ಸುಣ್ಣಕಲ್ಲನ್ನು ದಿಬ್ಬದ ಮೇಲೆ ಹರಡುವುದು. ಅದರಲ್ಲಿ ಬೀಜ ಹುಟ್ಟುವುದಿಲ್ಲ. ಮೇಲ್ಮಣ್ಣನ್ನು ಬೇರೆ ಇಟ್ಟು ಕೊನೆಗೆ ದಿಬ್ಬದ ಮೇಲೆ ಮುಚ್ಚಿ.

ಆರಿದ್ರಾ-ಪುನರ್ವಸು: ಬಿತ್ತನೆ

ಉಳುಮೆ ಮಾಡಬೇಡಿ. ಉಳುಮೆ ಮಾಡಿದರೆ ಇರುವ ಹುಲ್ಲಿನ ಬೇರು ಸಾಯುತ್ತದೆ, ಮಣ್ಣಿನೊಳಗಿನ ಇಂಗಾಲ ಗಾಳಿಗೆ ತೆರೆದುಕೊಂಡು ಕರಗುತ್ತದೆ. ಮುಂದೆ ಐದು ವರ್ಷ ಕೂಡಿಡಲು ಹೊರಟದ್ದನ್ನು ಒಂದೇ ದಿನ ಖರ್ಚು ಮಾಡಿದಂತೆ. ಬೋಳು ಜಾಗದ ಹೆಪ್ಪು ಒಡೆಯಲು ಕುಂಟೆಯ ಒಂದು ಗೀರು ಸಾಕು: ಒಂದು ಅಡಿ ಅಗಲದ ಪಟ್ಟೆ, ಎರಡು ಬೆರಳು ಆಳ, ಮೂರಡಿ ಬಿಟ್ಟು ಇನ್ನೊಂದು ಪಟ್ಟೆ, ಇಳಿಜಾರಿಗೆ ಅಡ್ಡವಾಗಿ.

ಬೀಜ: ಅಂಜನ್ ಹುಲ್ಲು 12 ಕೆಜಿ, ಸ್ಟೈಲೋ ಹಮಾಟಾ (ದ್ವಿದಳ ಜಾತಿಯ ಮೇವಿನ ಗಿಡ) 10 ಕೆಜಿ. ಪೂರ್ತಿ ಬೋಳು ನೆಲವಾದರೆ ಇದರ ಎರಡರಷ್ಟು ಬೇಕಾಗುತ್ತಿತ್ತು. ಅರ್ಧ ಭಾಗದಲ್ಲಿ ಹುಲ್ಲು ಆಗಲೇ ಇದೆ. ಹುಲ್ಲು ಬೀಜಕ್ಕೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವನ್ನು ಮುಂಚೆಯೇ ವಿಚಾರಿಸಿ, ಮಳೆ ಬಂದ ಮೇಲೆ ಹುಡುಕಿದರೆ ಸಿಗದು. ಅಂಜನ್ ಬೀಜ ಹೊಸದಾದಷ್ಟೂ ಕೆಟ್ಟದ್ದು ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಕೊಯ್ದ ಕೂಡಲೇ ಅದು ಮೊಳೆಯುವುದಿಲ್ಲ, ಆರೆಂಟು ತಿಂಗಳು ಕೂತಿರಬೇಕು. ಹಿಂದಿನ ವರ್ಷದ ಬೀಜವನ್ನೇ ಕೇಳಿ ಪಡೆಯಿರಿ. ರೋಮ ರೋಮವಾಗಿರುವ ಈ ಬೀಜ ಕೈಯಿಂದ ಎರಚಿದರೆ ಗಾಳಿಗೆ ಹಾರಿ ಬೇಲಿ ಸಾಲಿಗೆ ಹೋಗಿ ಕೂರುತ್ತದೆ. ಅಳತೆಯಲ್ಲಿ ಬೀಜ ಒಂದು ಪಾಲು, ಸಗಣಿ ಒಂದು, ಜೇಡಿಮಣ್ಣು ಮೂರು, ಮರಳು ಒಂದು ಸೇರಿಸಿ ನೀರು ಚಿಮುಕಿಸಿ ಕಡಲೆ ಗಾತ್ರದ ಉಂಡೆ ಮಾಡಿ ನೆರಳಲ್ಲಿ ಒಣಗಿಸಿ. ಉಂಡೆ ಗೋಲಿಯಷ್ಟು ದಪ್ಪವಾದರೆ ಸಣ್ಣ ಮಳೆಗೆ ಕರಗದೆ ಒಳಗಿನ ಬೀಜ ಉಸಿರುಗಟ್ಟುತ್ತದೆ.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕು ನಿಮಿಷ ಅದ್ದಿ ತೆಗೆದು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಕುದಿಯುವ ನೀರಿಗೆ ಹಾಕಿದರೆ ಬೆಂದುಹೋಗುತ್ತದೆ, ಅಂದಾಜು ಬೇಡ, ಥರ್ಮಾಮೀಟರ್ ಇರಲಿ. ಅದನ್ನು ಗುಂಡಿಗಳ ದಿಬ್ಬದ ಮೇಲೂ ಪಟ್ಟೆಗಳಲ್ಲೂ ಉದುರಿಸಿ, ಮುಳ್ಳುಕೊಂಬೆ ಎಳೆದು ಮುಚ್ಚಿ. ಒಂದು ಸೆಂ.ಮೀ.ಗಿಂತ ಆಳ ಹೋದರೆ ಎರಡೂ ಮೇಲೆ ಬರವು. ಒಂದು ಮಾತು: ಸ್ಟೈಲೋ ದಕ್ಷಿಣ ಅಮೆರಿಕದ ಸಸ್ಯ. ಬಗೆಬಗೆಯ ನಾಟಿ ಹುಲ್ಲು ಇನ್ನೂ ಉಳಿದಿರುವ ಅಮೃತಮಹಲ್ ಕಾವಲಿನಂಥ ಜಾಗಕ್ಕೆ ಇದನ್ನು ತರಬೇಡಿ. ಅಲ್ಲಿ ಬೇಕಿರುವುದು ಬಿಡುವು ಮಾತ್ರ. ಇದು ಕೆಟ್ಟುಹೋದ ನೆಲಕ್ಕೆ ಮದ್ದು.

ಬಿತ್ತುವ ಹೊತ್ತು: ಮಣ್ಣು ಒಂದು ಗೇಣು ನೆಂದಿರಬೇಕು, ಅಂದರೆ ಎರಡು ಮೂರು ದಿನದಲ್ಲಿ 25 ಮಿ.ಮೀ. ಆಸುಪಾಸು. ರೋಹಿಣಿಯ ಬಿರುಮಳೆಗೆ ಆಸೆಪಟ್ಟು ಬಿತ್ತಿದರೆ ಮೊಳೆತದ್ದು ಮುಂದಿನ ಬಿಸಿಲಿಗೆ ಸುಟ್ಟುಹೋಗುತ್ತದೆ. ಆರಿದ್ರಾ ಕೈಕೊಟ್ಟರೆ ಮಘಾ-ಹುಬ್ಬೆಯವರೆಗೆ ಕಾಯಬಹುದು. ಈ ಸೀಮೆಯಲ್ಲಿ ಗಟ್ಟಿ ಮಳೆ ಬರುವುದೇ ಆಗಿನಿಂದ. ಯೂರಿಯಾ ಎರಚುವ ಮಾತು ಬೇಡ. ಸಾರಜನಕದ ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ವಾತಾವರಣ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಸಾರಜನಕ ಹಿಡಿದುಕೊಡಲು ಸ್ಟೈಲೋ ಬೇರಿನ ಗಂಟುಗಳಿವೆ.

ಮೊದಲ ಮಳೆಗಾಲದಲ್ಲಿ ಒಂದು ಆಡೂ ಒಳಗೆ ಬರಬಾರದು. ಬೀಜ ಉದುರುವುದು ಅಕ್ಟೋಬರ್-ನವೆಂಬರ್. ಆಮೇಲೆ ಕೈಕೊಯ್ಲು ಮಾಡಬಹುದು, ನೆಲದಿಂದ ನಾಲ್ಕು ಬೆರಳು ಬಿಟ್ಟು. ಮನೆಗೊಂದು ಹೊರೆ ಎಂದು ಹಂಚಿದರೆ, ಮುಚ್ಚುಗಡೆಗೆ ಬೈಯುತ್ತಿದ್ದವರೇ ಕಾವಲಿಗೆ ನಿಲ್ಲುತ್ತಾರೆ.

ಎರಡನೇ ವರ್ಷ: ಆರು ಮಡಿ, ಒಂದು ಮಂದೆ

ನಡುವೆ ಮೇಲಿಂದ ಕೆಳಗೆ 6 ಮೀ. ಅಗಲದ ಓಣಿ. ಎರಡೂ ಕಡೆ ಮೂರು ಮೂರು ಮಡಿ, ಒಂದೊಂದು 97 ಮೀ. ಉದ್ದ, 66 ಮೀ. ಅಗಲ, ಸುಮಾರು 1.6 ಎಕರೆ. ಮೇಯಿಸಬಹುದಾದ ನೆಲ ಒಟ್ಟು 3.85 ಹೆಕ್ಟೇರ್. ಹೆಕ್ಟೇರಿಗೆ 2 ಟನ್ ಬಂದರೆ 7.7 ಟನ್, ತೆಗೆಯಬಹುದಾದ ಅರ್ಧ 3,850 ಕೆಜಿ, ದನವೊಂದಕ್ಕೆ 7 ಕೆಜಿಯಂತೆ 550 ದನ-ದಿನ (ಒಂದು ದನದ ಒಂದು ದಿನದ ಮೇವು ಒಂದು ದನ-ದಿನ). ಜುಲೈಯಿಂದ ನವೆಂಬರ್ ತನಕ 150 ದಿನ ಬಿಡದೆ ಮೇಯಿಸುವುದಾದರೆ ಮೂರೂವರೆ ಚಿಲ್ಲರೆ ದನ. ನಾಲ್ಕನೆಯದು ಸಾಲದಲ್ಲಿ ಮೇಯುತ್ತದೆ.

ಊರಿನಲ್ಲಿ ನಾಲ್ಕೇ ದನ ಇರುವುದಿಲ್ಲವಲ್ಲ. ಅದೇ 550ನ್ನು ಇನ್ನೊಂದು ಬಗೆಯಲ್ಲಿ ಹಂಚಿ: 24 ದನದ ಒಂದು ಮಂದೆ, ಮಡಿಗೆ ಒಂದೇ ದಿನ, ಆರು ದಿನಕ್ಕೆ ಸುತ್ತು ಮುಗಿಸಿ 36 ದಿನ ಹೊರಗೆ. ಐದು ತಿಂಗಳಲ್ಲಿ ಮೂರೂವರೆ ಸುತ್ತು ಆಗುತ್ತದೆ, 24 ದನ ಗುಣಿಸು 21 ದಿನ, 504 ದನ-ದಿನ. ಸ್ವಲ್ಪ ಮಿಗುತ್ತದೆ, ಮಿಗಲಿ. ಕುರಿಯಾದರೆ ದಿನಕ್ಕೆ 0.8 ಕೆಜಿ ಲೆಕ್ಕದಲ್ಲಿ 200ರ ಮಂದೆ ಸರಿಹೋಗುತ್ತದೆ. ನಾಲ್ಕು ದನವನ್ನು ಐದು ತಿಂಗಳು ಬಿಡುವುದಕ್ಕೂ 24ನ್ನು ಒಂದೊಂದು ದಿನ ಬಿಡುವುದಕ್ಕೂ ಮೇವಿನ ಲೆಕ್ಕ ಹೆಚ್ಚುಕಡಿಮೆ ಒಂದೇ, ನೆಲಕ್ಕೆ ಮಾತ್ರ ಬೇರೆ. ಕಡಿಮೆ ದನ ಬಹಳ ದಿನ ಇದ್ದರೆ ರುಚಿಯಾದ ಅಂಜನ್ನಿನ ಚಿಗುರನ್ನೇ ಮತ್ತೆ ಮತ್ತೆ ಹುಡುಕಿ ಕಚ್ಚುತ್ತವೆ, ಬೇರು ಬರಿದಾಗುತ್ತದೆ, ಬಿಟ್ಟ ತಂಗಡಿ ಬೆಳೆಯುತ್ತದೆ. ದೊಡ್ಡ ಮಂದೆ ಒಂದು ದಿನ ಬಂದರೆ ಆರಿಸಲು ಪುರಸೊತ್ತಿಲ್ಲ, ಎಲ್ಲವನ್ನೂ ಸವರಿ ಮುಂದೆ ಹೋಗುತ್ತದೆ, ನಂತರದ 41 ದಿನ ಆ ಮಡಿಯನ್ನು ಯಾರೂ ಮುಟ್ಟುವುದಿಲ್ಲ.

ಕ್ಯಾಲೆಂಡರಿಗಿಂತ ಎತ್ತರ ನಂಬಿ. ಅಂಜನ್ ಒಂದು ಅಡಿಗೆ ಬಂದಾಗ ಒಳಗೆ, ನಾಲ್ಕು ಬೆರಳಿಗೆ ಇಳಿಯುವ ಮುಂಚೆ ಹೊರಗೆ. ಜಡಿಮಳೆಯ ಮಾರನೇ ದಿನ ಬಿಡಬೇಡಿ, ಗೊರಸು ಹಸಿ ಕೆಮ್ಮಣ್ಣನ್ನು ಅದುಮಿ ಗಾರೆ ಮಾಡುತ್ತದೆ. ಪ್ರತಿ ವರ್ಷ ಒಂದು ಮಡಿಗೆ ಬೀಜ ಉದುರುವವರೆಗೆ ಪೂರ್ತಿ ರಜೆ. ಆರು ವರ್ಷಕ್ಕೆ ಎಲ್ಲಕ್ಕೂ ಸರದಿ ಬರುತ್ತದೆ. ಅದರ ಹುಲ್ಲು ಡಿಸೆಂಬರಿನ ಕೈಕೊಯ್ಲಿಗೆ. ಬರದ ಗಡುವನ್ನೂ ಮೊದಲೇ ಬರೆದಿಡಿ: ಹುಬ್ಬೆ ಮುಗಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿಗೆ, ಚೌಕದ ತೂಕ ವಾಡಿಕೆಯ ಅರ್ಧಕ್ಕಿಂತ ಕಡಿಮೆಯಿದ್ದರೆ ಮುಂದಿನ ಸುತ್ತಿನಲ್ಲಿ ದನವೂ ಅರ್ಧ. ಬರ ಬಂದ ಮೇಲೆ ಕೂತು ತೀರ್ಮಾನಿಸಲು ಯಾವ ಊರಿಗೂ ಆಗಿಲ್ಲ.

ಮಡಿಗಳನ್ನು ಬೇರ್ಪಡಿಸಲು ಇಬ್ಬರು ದನಗಾಹಿಗಳು ಸಾಕು. ಆಳು ಸಿಗದ ಕಡೆ ಸೋಲಾರ್ ತಂತಿ. ಒಂದು ಮಡಿಯ ಸುತ್ತ 326 ಮೀ. ಪಾಲಿವೈರ್ (ಲೋಹದ ಎಳೆ ಸೇರಿಸಿ ಹೊಸೆದ ಪ್ಲಾಸ್ಟಿಕ್ ದಾರ), 11 ಮೀಟರಿಗೊಂದರಂತೆ 30 ಊರುಗೋಲು. ಎರಡು ಜೊತೆ ಬೇಕು, ಒಂದರಲ್ಲಿ ಮೇಯುವಾಗ ಇನ್ನೊಂದು ಮುಂದಿನ ಮಡಿಗೆ ಸಿದ್ಧವಾಗುತ್ತದೆ. ದನಕ್ಕೆ ಒಂದೇ ಎಳೆ, 75 ಸೆಂ.ಮೀ. ಎತ್ತರದಲ್ಲಿ. ವಿದ್ಯುತ್ ಬೇಲಿಯ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಐಇಸಿ 60335-2-76ಕ್ಕೆ ಹೊಂದುವ ಒಂದು ಜೌಲ್ ಎನರ್ಜೈಸರ್ (ತಂತಿಗೆ ಬಿಟ್ಟು ಬಿಟ್ಟು ವಿದ್ಯುತ್ ಮಿಡಿತ ಕೊಡುವ ಪೆಟ್ಟಿಗೆ) ಧಾರಾಳ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವುದು ಬೇಲಿಯಲ್ಲ, ಕೊಲೆ.

ಈ ಬೇಲಿ ಕೈಕೊಡುವುದು ಬಹುತೇಕ ಅರ್ತಿಂಗಿನಲ್ಲಿ. ಒಂದು ಮೀಟರಿನ ಮೂರು ಸಲಾಕೆ, ಮೂರು ಮೀಟರ್ ಅಂತರ, ನೀರಿನ ತೊಟ್ಟಿಯ ಪಕ್ಕ ಯಾವಾಗಲೂ ತೇವವಿರುವ ಕಡೆ. ಪರೀಕ್ಷೆ ಹೀಗೆ: ನೂರು ಮೀಟರ್ ಆಚೆ ಕಬ್ಬಿಣದ ಸಲಾಕೆಗಳನ್ನು ತಂತಿಗೆ ಒರಗಿಸಿ ಒತ್ತಡವನ್ನು 2,000 ವೋಲ್ಟಿಗಿಂತ ಕೆಳಗಿಳಿಸಿ. ಆಗ ಅರ್ತ್ ಸಲಾಕೆಯಲ್ಲಿ ಮೀಟರು 300 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಇನ್ನೊಂದು ಸಲಾಕೆ ಬಡಿಯಿರಿ. ಒಣಗಿದ ಕೆಮ್ಮಣ್ಣು ವಿದ್ಯುತ್ ಹಾಯಿಸದು. ಬೇಸಿಗೆಯಲ್ಲಿ ದನ ತಂತಿ ಮುಟ್ಟಿದರೂ ಚುರುಕ್ ಎನ್ನದಿದ್ದರೆ ಕಾರಣ ಅದು. ಕೆಳಗೆ ಅರ್ತಿಗೆ ಜೋಡಿಸಿದ ಎರಡನೇ ಎಳೆ ಹಾಕಬೇಕು. ಮಳೆಗಾಲದಲ್ಲಿ ಉಲ್ಟಾ, ಹುಲ್ಲು ತಂತಿಗೆ ತಾಗಿ ಒತ್ತಡ ಸೋರುತ್ತದೆ. 3,000 ವೋಲ್ಟಿಗಿಂತ ಕೆಳಗೆ ಬಂದರೆ ತಂತಿಯ ಕೆಳಗೆ ಒಮ್ಮೆ ಕುಡುಗೋಲು ಆಡಿಸಿ. ಉಣ್ಣೆ ತುಂಬಿದ ಕುರಿಗೆ ಇದಾವುದೂ ತಾಗದು, ಅಲ್ಲಿ ಕುರಿಗಾಹಿಯೇ ಬೇಲಿ.

ನೀರಿನ ತೊಟ್ಟಿ ಓಣಿಯ ನಡುವೆ. ದನಕ್ಕೆ ದಿನಕ್ಕೆ 40 ಲೀಟರ್ ಹಿಡಿದರೆ 24ಕ್ಕೆ 960, ಸಾವಿರ ಲೀಟರಿನ ಟ್ಯಾಂಕು ಬೇಕು. ಬಾಲ್ ವಾಲ್ವಿನ ಮೇಲೆ ಕಲ್ಲುಚಪ್ಪಡಿ ಮುಚ್ಚದಿದ್ದರೆ ಮೊದಲ ವಾರದಲ್ಲೇ ಕೊಂಬಿಗೆ ಸಿಕ್ಕು ಮುರಿಯುತ್ತದೆ. ಸುತ್ತ ಎರಡು ಮೀಟರ್ ಚಪ್ಪಡಿ ಹಾಸಿ, ಒಳಗೆ ತಿಂಗಳಿಗೊಮ್ಮೆ ತಿಕ್ಕಿ ಸುಣ್ಣ ಬಳಿಯಿರಿ.

ನವೆಂಬರ್ ಮುಗಿಯುವ ಮುಂಚೆ ಹೊರಗಂದಕದ ಒಳಗೆ 3 ಮೀ. ಅಗಲಕ್ಕೆ ಹುಲ್ಲು ನುಣ್ಣಗೆ ಕೊಯ್ದು ಬೆಂಕಿರೇಖೆ ಮಾಡಿ. "ಸುಟ್ಟರೆ ಹೊಸ ಚಿಗುರು" ಎಂದು ಶಿವರಾತ್ರಿಯ ಆಸುಪಾಸಿನಲ್ಲಿ ಯಾರೋ ಕಡ್ಡಿ ಗೀರುವುದು ಹೊಸದಲ್ಲ. ಸುಟ್ಟ ಹುಲ್ಲಿನಿಂದ ಮೀಥೇನ್, ನೈಟ್ರಸ್ ಆಕ್ಸೈಡ್ ಎರಡೂ ಏಳುತ್ತವೆ, ಬೋಳು ನೆಲ ಮುಂಗಾರಿನ ಮೊದಲ ಹನಿಗೆ ಹೆಪ್ಪುಗಟ್ಟುತ್ತದೆ.

ಮೀಥೇನ್: ಲೆಕ್ಕ ಎಲ್ಲಿ ತಪ್ಪುತ್ತದೆ

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡಕ್ಕೆ ಕೊಟ್ಟ ಅಂದಾಜು: ಹಾಲು ಕೊಡುವ ಹಸು ಹೊಟ್ಟೆಯಿಂದ ವರ್ಷಕ್ಕೆ 58 ಕೆಜಿ ಮೀಥೇನ್ ಬಿಡುತ್ತದೆ, ಇತರ ದನ 27; ಕುರಿಗೆ ಅಭಿವೃದ್ಧಿಶೀಲ ದೇಶಗಳಿಗೆಲ್ಲ ಒಂದೇ ಅಂದಾಜು, 5. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿನ 28 ಪಟ್ಟು ಎಂದು ಹಿಡಿದರೆ ಸಾದಾ ದನ ಒಂದರ ವರ್ಷದ ಮೀಥೇನ್ 756 ಕೆಜಿ ಡೈಆಕ್ಸೈಡಿಗೆ ಸಮ.

ಈಗ ನೆಲದ ಕಡೆಯಿಂದ. ಹೆಕ್ಟೇರಿಗೆ ವರ್ಷಕ್ಕೆ 0.3 ಟನ್ ಇಂಗಾಲ ಮಣ್ಣಿಗೆ ಸೇರಿತು ಎಂದು ಅಂದುಕೊಳ್ಳೋಣ. ನಾಲ್ಕು ಹೆಕ್ಟೇರಿಗೆ 1.2 ಟನ್, ಡೈಆಕ್ಸೈಡಿನ ಲೆಕ್ಕದಲ್ಲಿ 4.4 ಟನ್. ಅದು ಸುಮಾರು ಆರು ದನದ ವರ್ಷದ ಮೀಥೇನಿಗೆ ಸಮ. ಇಲ್ಲಿ ಮೇಯುವ ಮಂದೆ 24. ಜೊತೆಗೆ ಮಣ್ಣು ಕೆಲವು ದಶಕಗಳಲ್ಲಿ ತುಂಬಿ ಹೊಸ ಸಮತೋಲಕ್ಕೆ ನಿಲ್ಲುತ್ತದೆ, ದನದ ತೇಗು ಮಾತ್ರ ನಿಲ್ಲುವುದಿಲ್ಲ. ಸರದಿ ಮೇಯಿಸಿದರೆ ದನವೇ ಹವಾಮಾನಕ್ಕೆ ಔಷಧಿ ಎಂದು ಮಾರುವವರ ಮಾತಿಗೆ ಈ ಎರಡು ಸಾಲು ಸಾಕು.

ಹಾಗಾದರೆ ಲಾಭವೆಲ್ಲಿ? ಮೇವಿನ ಗುಣದಲ್ಲಿ. ಬಲಿತು ಒಣಗಿದ ಹುಲ್ಲಿನಲ್ಲಿ ಪ್ರೊಟೀನ್ ನೂರಕ್ಕೆ ಆರಕ್ಕಿಂತ ಕೆಳಗಿಳಿದರೆ ಹೊಟ್ಟೆಯ ಸೂಕ್ಷ್ಮಜೀವಿಗಳಿಗೇ ಊಟ ಸಾಲದು. ಹುಲ್ಲು ಒಳಗೆ ಬಹಳ ಹೊತ್ತು ಕೂತು ಮೀಥೇನ್ ಆಗುತ್ತದೆ, ಹಾಲಾಗುವುದಿಲ್ಲ. ವರ್ಷಕ್ಕೆ 900 ಲೀಟರ್ ಕರೆಯುವ ಹಸುವಿನ 58 ಕೆಜಿ ಮೀಥೇನನ್ನು ಹಾಲಿಗೆ ಹಂಚಿದರೆ ಲೀಟರಿಗೆ 1.8 ಕೆಜಿ ಡೈಆಕ್ಸೈಡಿಗೆ ಸಮ. ಒಳ್ಳೆಯ ಮೇವಿನಿಂದ ಹಾಲು ಒಂದೂವರೆ ಪಟ್ಟಾದರೆ ಮೀಥೇನ್ ಸ್ವಲ್ಪ ಏರಿದರೂ ಲೀಟರಿನ ಪಾಲು ಇಳಿಯುತ್ತದೆ. ಹೂ ಬಿಡುವ ಮುಂಚಿನ ಅಂಜನ್, ಜೊತೆಗೆ ಮೂರರಲ್ಲೊಂದು ಭಾಗ ಸ್ಟೈಲೋ ಮಾಡುವ ಕೆಲಸ ಇದು. ಬೇಸಿಗೆಗೆ ರಾಗಿ ಹುಲ್ಲನ್ನು ಯೂರಿಯಾದಿಂದ ಹದ ಮಾಡಿ: 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು, ಪದರಪದರವಾಗಿ ಚಿಮುಕಿಸಿ ತುಳಿದು ಟಾರ್ಪಾಲಿನ್ ಮುಚ್ಚಿ 21 ದಿನ. ತೆಗೆದು ಒಂದು ಗಂಟೆ ಗಾಳಿಗೆ ಹರವಿ, ಘಾಟು ಹೋದ ಮೇಲೆ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಬೇಡ, ಯೂರಿಯಾ ನೀರನ್ನು ದನ ಕುಡಿದರೆ ಸಾಯುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಟ್ಯಾನಿನ್ ಇರುವ ಸಸ್ಯಮೂಲಗಳಿಂದ 'ಹರಿತ್ ಧಾರಾ' ಎಂಬ ಪೂರಕವನ್ನು ರೂಪಿಸಿದೆ. ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತದೆಂದು ಸಂಸ್ಥೆ ಹೇಳಿದೆ. ಕೊಟ್ಟಿಗೆಯಲ್ಲಿ ಹಾಕುವವರಿಗೆ ನೋಡಬಹುದಾದ ದಾರಿ.

ಇದೆಲ್ಲ ನಿಲ್ಲುವುದು ಒಂದು ಷರತ್ತಿನ ಮೇಲೆ. ಹುಲ್ಲು ಹೆಚ್ಚಿತೆಂದು ಮನೆಗೊಂದು ದನ ಹೆಚ್ಚಿದರೆ ಒಟ್ಟು ಮೀಥೇನ್ ಏರುತ್ತದೆ, ನೆಲ ಮೂರು ವರ್ಷಕ್ಕೆ ಹಳೆಯ ಸ್ಥಿತಿಗೆ. ಸುತ್ತಿಗೆ 24 ಎಂಬ ಸಂಖ್ಯೆ ಪಂಚಾಯಿತಿ ನಡಾವಳಿಯಲ್ಲಿ ಇರಬೇಕಾದದ್ದು ಅದಕ್ಕೆ.

ಐದನೇ ವರ್ಷ: ಮಣ್ಣು ಅಳೆಯುವುದು

ಒಂದು ಹೆಕ್ಟೇರಿನ 30 ಸೆಂ.ಮೀ. ಮಣ್ಣು 3,000 ಘನ ಮೀ., ಸಾಂದ್ರತೆ 1.4 ಆದರೆ 4,200 ಟನ್. ಇಂಗಾಲ ನೂರಕ್ಕೆ 0.4 ಇದ್ದರೆ 16.8 ಟನ್. ಐದು ವರ್ಷದಲ್ಲಿ 1.5 ಟನ್ ಸೇರಿದರೂ ಪ್ರಯೋಗಾಲಯದ ಚೀಟಿಯಲ್ಲಿ 0.40 ಹೋಗಿ 0.44 ಆಗುತ್ತದೆ, ಅಷ್ಟೆ. ಹತ್ತು ಹೆಜ್ಜೆ ಆಚೆ ತೆಗೆದ ಮಣ್ಣಿನಲ್ಲೇ ಅಷ್ಟು ವ್ಯತ್ಯಾಸ ಇರುತ್ತದೆ. ವರ್ಷವರ್ಷ ಪರೀಕ್ಷೆ ಮಾಡಿಸುವುದು ದುಡ್ಡು ದಂಡ. ಕೆಲಸಕ್ಕೆ ಮುಂಚೆ ಒಮ್ಮೆ, ಐದನೇ ವರ್ಷ ಒಮ್ಮೆ.

ಹದಿನೈದು ಬಿಂದುಗಳನ್ನು ಕಲ್ಲು ಹುಗಿದು, ಜಿಪಿಎಸ್‌ನಲ್ಲಿ ಗುರುತಿಸಿ. ಮರದ ನೆರಳು, ತೊಟ್ಟಿಯ ಸುತ್ತ, ಕಂದಕದ ದಿಬ್ಬ ಬಿಡಿ. ಸಗಣಿ ಬಿದ್ದ ಜಾಗ ಎಲ್ಲ ಲೆಕ್ಕವನ್ನೂ ಮೇಲಕ್ಕೆತ್ತುತ್ತದೆ. 0-15, 15-30 ಸೆಂ.ಮೀ. ಬೇರೆ ಬೇರೆ ತೆಗೆದು, 2 ಮಿ.ಮೀ. ಜರಡಿ ಹಿಡಿದು, ಉಳಿದ ಗರಸನ್ನೂ ತೂಗಿ ಬರೆಯಿರಿ. ಸಾಂದ್ರತೆಗೆ ಅಳತೆ ಗೊತ್ತಿರುವ ಉಕ್ಕಿನ ಉಂಗುರ ಬಡಿದು ತೆಗೆದ ಮಣ್ಣನ್ನು 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಬೇಕು. ಇದನ್ನು ಬಿಟ್ಟು ಬರೀ ಶೇಕಡಾ ಹಿಡಿದು ಟನ್ ಲೆಕ್ಕ ಹೇಳುವವರನ್ನು ನಂಬಬೇಡಿ. ಹುಲ್ಲು ಬೇರೂರಿ ಮಣ್ಣು ಸಡಿಲವಾದರೆ ಅದೇ 30 ಸೆಂ.ಮೀ.ನಲ್ಲಿ ಮಣ್ಣಿನ ತೂಕವೇ ಕಡಿಮೆಯಾಗಿ, ನಿಜವಾದ ಗಳಿಕೆ ನಷ್ಟದಂತೆ ಕಾಣಬಹುದು. ಐದನೇ ವರ್ಷ ಇನ್ನು ಐದು ಸೆಂ.ಮೀ. ಆಳಕ್ಕೂ ಒಂದು ಪದರ ತೆಗೆದಿಟ್ಟುಕೊಂಡರೆ ಸಮತೂಕದ ಮಣ್ಣಿಗೆ ಹೋಲಿಸಬಹುದು.

ರಾಸಾಯನಿಕದಿಂದ ಮಣ್ಣಿನ ಇಂಗಾಲ ಅಳೆಯುವ ವಾಕ್ಲಿ-ಬ್ಲ್ಯಾಕ್ ವಿಧಾನ ಅದರ ಮುಕ್ಕಾಲು ಭಾಗವನ್ನಷ್ಟೇ ಹಿಡಿಯುತ್ತದೆ, ಫಲಿತಾಂಶವನ್ನು ಸುಮಾರು 1.3ರಿಂದ ಗುಣಿಸುವುದು ರೂಢಿ. ಮೊದಲ ವರ್ಷ ಹಾಗೆ ಗುಣಿಸದೆ ಬಿಟ್ಟ ಆ ವಿಧಾನ, ಐದನೇ ವರ್ಷ ಯಂತ್ರದಲ್ಲಿ ಸುಟ್ಟು ಅಳೆಯುವ ವಿಧಾನ ಎಂದಾದರೆ ಗೋಮಾಳದಲ್ಲಿ ಏನೂ ನಡೆಯದಿದ್ದರೂ ಇಂಗಾಲ ಮೂರನೇ ಒಂದು ಪಾಲು ಹೆಚ್ಚಿದಂತೆ ಬರುತ್ತದೆ. ಅದಕ್ಕೇ ಮೊದಲ ವರ್ಷದ ಪ್ರತಿ ಬಿಂದುವಿನ ಅರ್ಧ ಕೆಜಿ ಮಣ್ಣನ್ನು ಒಣಗಿಸಿ, ಬಿಂದು ಸಂಖ್ಯೆ, ಆಳ, ತಾರೀಖು ಬರೆದ ಚೀಟಿ ಒಳಗೊಂದು ಹೊರಗೊಂದು ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪಂಚಾಯಿತಿಯ ಬೀರುವಿನಲ್ಲಿಡಿ. ಐದನೇ ವರ್ಷದ ಮಣ್ಣಿನ ಜೊತೆ ಆ ಮೂವತ್ತು ಡಬ್ಬಿಗಳನ್ನೂ ಒಂದೇ ದಿನ, ಒಂದೇ ಪ್ರಯೋಗಾಲಯದಲ್ಲಿ, ಯಾವುದು ಯಾವ ವರ್ಷದ್ದೆಂದು ಹೇಳದೆ ಪರೀಕ್ಷೆಗೆ ಕೊಡಿ.